ಎತ್ತಿಗೆ ಜ್ವರ, ಧರ್ಮಕ್ಕೆ ಬರೆ

ಗೌರಿಬಿದನೂರಿನ ಮುದುಕನಿಗೂ ಹಿಂದೂಪುರದ ಮುದುಕನಿಗೂ ದೇವರು ಒಂದೇ. ಇಬ್ಬರೂ ವಿದುರಾಶ್ವತ್ಥದ ನಾಗರಕಲ್ಲಿಗೆ ಹಾಲೆರೆದವರು, ಇಬ್ಬರೂ ಲೇಪಾಕ್ಷಿಯ ವೀರಭದ್ರನಿಗೆ ನಡೆದುಕೊಂಡವರು. ಮನೆಯೊಳಗೆ ಒಬ್ಬ ತೆಲುಗು ಬೆರೆಸಿದ ಕನ್ನಡ ಆಡಿದರೆ ಇನ್ನೊಬ್ಬ ಕನ್ನಡ ಬೆರೆಸಿದ ತೆಲುಗು ಆಡುತ್ತಾನೆ. ಇಬ್ಬರ ನಡುವೆ ಇರುವುದು ಹೆಚ್ಚೆಂದರೆ ಮೂವತ್ತು ಕಿಲೋಮೀಟರ್ ದಾರಿ, ಮತ್ತೊಂದು ರಾಜ್ಯದ ಗಡಿ. 2024ರ ಜುಲೈನಿಂದ ಹಿಂದೂಪುರದವನಿಗೆ ತಿಂಗಳಿಗೆ 4,000 ರೂಪಾಯಿ ವೃದ್ಧಾಪ್ಯ ಪಿಂಚಣಿ. ಅದನ್ನು ತಿಂಗಳ ಮೊದಲ ದಿನ ವಾರ್ಡ್ ಸಚಿವಾಲಯದ ಸಿಬ್ಬಂದಿ ಮನೆ ಬಾಗಿಲಿಗೆ ತಂದು ಕೈಗಿಡುತ್ತಾರೆ. ಗೌರಿಬಿದನೂರಿನವನಿಗೆ ಸಂಧ್ಯಾ ಸುರಕ್ಷಾ ಹೆಸರಿನಲ್ಲಿ 1,200 ರೂಪಾಯಿ. 2021ರಲ್ಲಿ ಸಾವಿರದಿಂದ ಇಷ್ಟಕ್ಕೇರಿತು, ಅಲ್ಲೇ ಕೂತಿತು.

ಈ 2,800 ರೂಪಾಯಿಯ ಅಂತರವನ್ನು ಯಾವ ಧರ್ಮಗ್ರಂಥ ತೆಗೆದು ವಿವರಿಸುತ್ತೀರಿ?

ಕೇಳಲು ಕಾರಣವಿದೆ. ಹಿರಿಯರ ಪಾಡಿನ ಮಾತೆದ್ದ ಕಡೆಯಲ್ಲೆಲ್ಲ ಧರ್ಮವನ್ನು ಎಳೆದು ತಂದು ಕಟಕಟೆಯಲ್ಲಿ ನಿಲ್ಲಿಸುವುದು ರೂಢಿಯಾಗಿಬಿಟ್ಟಿದೆ. ವಿಚಾರವಂತರು ಅನ್ನಿಸಿಕೊಂಡವರು ಹೇಳುತ್ತಾರೆ: ಕರ್ಮಸಿದ್ಧಾಂತ ನಮ್ಮ ಜನರನ್ನು ಹಣೆಬರಹಕ್ಕೆ ಕಟ್ಟಿಹಾಕಿದೆ, ಅದಕ್ಕೇ ಮುದುಕರು ಹಕ್ಕು ಕೇಳುವುದಿಲ್ಲ, ಸಮಾಜವೂ ಕೊಡುವುದಿಲ್ಲ. ಸಂಸ್ಕೃತಿವಂತರು ಅನ್ನಿಸಿಕೊಂಡವರದು ಇದರ ತಿರುವುಮುರುವು: ಧರ್ಮ ಬಿಟ್ಟಿದ್ದಕ್ಕೇ ಹೀಗಾಯಿತು, ಶ್ರವಣಕುಮಾರನ ಕತೆ ಹೇಳುವವರಿಲ್ಲದೆ ವೃದ್ಧಾಶ್ರಮಗಳು ತುಂಬಿದವು. ಮೂರನೆಯ ದನಿ ಇನ್ನೂ ಕೆಟ್ಟದ್ದು, ಟೀ ಅಂಗಡಿಯಲ್ಲೂ ವಾಟ್ಸ್ಆ್ಯಪಿನಲ್ಲೂ ಓಡಾಡುವಂಥದ್ದು: ಖಜಾನೆಯನ್ನೆಲ್ಲ ‘ಆ ಧರ್ಮದವರು’ ಬಳಿದುಕೊಂಡು ಹೋದರು, ನಮ್ಮ ಅಜ್ಜಿಗೆ ಉಳಿದದ್ದು ಚಿಲ್ಲರೆ. ಈ ಮೂವರಿಗೂ ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಆದರೂ ಮೂವರೂ ಸೇರಿ ಒಂದು ಕುರ್ಚಿಯನ್ನು ಕಾಪಾಡುತ್ತಿದ್ದಾರೆ. ಪಿಂಚಣಿ ಎಷ್ಟು, ಯಾರಿಗೆ, ಯಾವಾಗ ಎಂದು ತೀರ್ಮಾನಿಸುವ ಕುರ್ಚಿ ಅದು.

ಮೊದಲು ಹಣೆಬರಹದ ಮಾತು. ಇದನ್ನು ಸಭಾಂಗಣದಲ್ಲಿ ಕೂತು ತೀರ್ಮಾನಿಸಬೇಡಿ. ಯಾವುದಾದರೂ ಹೋಬಳಿಯ ನಾಡಕಚೇರಿಗೆ ಸೋಮವಾರ ಬೆಳಿಗ್ಗೆ ಹೋಗಿ, ಕಿಟಕಿಯ ಪಕ್ಕ ಒಂದು ಗಂಟೆ ನಿಲ್ಲಿ. ಮಡಿಚಿದ ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ಕು, ಆಧಾರ್ ಕಾರ್ಡು, ಹರಿದ ರೇಷನ್ ಕಾರ್ಡು ಒಂದೊಂದಾಗಿ ತೆಗೆದು ಕಟ್ಟೆಯ ಮೇಲೆ ಹರಡುತ್ತ ಒಬ್ಬ ಅಜ್ಜಿ ಹೇಳುತ್ತಾಳೆ, “ಮೂರು ತಿಂಗ್ಳಿಂದ ದುಡ್ಡು ಬಂದಿಲ್ಲ ಕಣಪ್ಪಾ.” ಒಳಗಿನವರು ಕಂಪ್ಯೂಟರ್ ನೋಡಿ, “ಇಲ್ಲಿಂದ ಹೋಗಿದೆ ಅಜ್ಜಿ, ಬ್ಯಾಂಕಲ್ಲಿ ಕೇಳಿ” ಅನ್ನುತ್ತಾರೆ. ಬ್ಯಾಂಕಿನಲ್ಲಿ, “ನಮಗೆ ಬಂದಿಲ್ಲ, ನಾಡಕಚೇರೀಲಿ ಕೇಳಿ.” ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅದೇ ಇದರ ಸೊಗಸು. ಆಧಾರ್ ಮೂಲಕ ಹೋಗುವ ಹಣ, ಪಾಸ್‌ಬುಕ್ ಯಾವುದಿದೆ ಎಂದು ನೋಡುವುದಿಲ್ಲ; ಆ ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಖಾತೆ ಯಾವುದೋ ಅಲ್ಲಿಗೆ ಹೋಗಿ ಬೀಳುತ್ತದೆ. ಯಾವಾಗಲೋ ಸಂಘದ ಸಾಲಕ್ಕೆಂದು ಹೆಬ್ಬೆಟ್ಟು ಒತ್ತಿ ತೆರೆದ ಖಾತೆಯೊಂದರಲ್ಲಿ ಅವಳ ಮೂರು ತಿಂಗಳ ಪಿಂಚಣಿ ಮಲಗಿರುತ್ತದೆ. ಆ ಖಾತೆ ಇದೆ ಎಂಬುದೇ ಅವಳಿಗೆ ಮರೆತುಹೋಗಿದೆ. ಅದನ್ನು ಹುಡುಕಿ ತೆಗೆಯಲು ಮತ್ತೆ ಹೆಬ್ಬೆಟ್ಟು ಬೇಕು. ಅರವತ್ತು ವರ್ಷ ಕಳೆ ಕಿತ್ತು, ಮುಸುರೆ ತಿಕ್ಕಿ ಸವೆದ ಬೆರಳನ್ನು ಯಂತ್ರ ಓದುವುದಿಲ್ಲ.

ಇನ್ನೊಬ್ಬರ ಆಧಾರಿನಲ್ಲಿ ಹುಟ್ಟಿದ ದಿನ ಜನವರಿ ಒಂದು. ವರ್ಷವನ್ನು ಅಂದು ಕ್ಯಾಂಪಿಗೆ ಬಂದಿದ್ದ ಹುಡುಗ ಮುಖ ನೋಡಿ ಅಂದಾಜಿಗೆ ಬರೆದದ್ದು. ಮರಿಮೊಮ್ಮಗನನ್ನು ಎತ್ತಿ ಆಡಿಸುತ್ತಿರುವ ಮುದುಕ ದಾಖಲೆಯಲ್ಲಿ ಐವತ್ತೆಂಟರವನು. ಪಿಂಚಣಿಗೆ ಇನ್ನೂ ‘ಚಿಕ್ಕವನು’.

ಎರಡು ಮೂರು ಸಲ ಬಸ್ಸಿನ ದುಡ್ಡು ಕಳೆದುಕೊಂಡು ಓಡಾಡಿದ ಮೇಲೆ ಅಜ್ಜಿ ಕಟ್ಟೆಯ ಮೇಲೆ ಕೂತು ಅನ್ನುತ್ತಾಳೆ, “ಎಲ್ಲಾ ನನ್ ಹಣೇಬರ ಬಿಡಪ್ಪಾ.” ನಮ್ಮ ವಿಚಾರವಂತ ಮಿತ್ರರು ಅಲ್ಲಿಗೆ ಬರುವುದು ಆ ಹೊತ್ತಿಗೆ. ಆ ಒಂದು ಮಾತು ಕೇಳಿಸಿಕೊಂಡು, ಬರೆದುಕೊಂಡು ಹೋಗಿ, ಕರ್ಮಸಿದ್ಧಾಂತದ ಮೇಲೆ ಪ್ರಬಂಧ ಓದುತ್ತಾರೆ. ಹಣೆಬರಹವನ್ನೇ ನಂಬಿದವಳಾಗಿದ್ದರೆ ಅವಳು ಮನೆಯಿಂದ ಹೊರಡುತ್ತಲೇ ಇರಲಿಲ್ಲ. ಅವಳು ಬಂದಳು, ಕೇಳಿದಳು, ಮತ್ತೆ ಬಂದಳು. ಬಾಗಿಲು ಮುಚ್ಚಿದ ಮೇಲೆ ತನಗೆ ತಾನೇ ಹೇಳಿಕೊಂಡ ಸಮಾಧಾನವನ್ನು, ಬಾಗಿಲು ಮುಚ್ಚಿದ್ದಕ್ಕೆ ಕಾರಣ ಎಂದು ಬರೆದುಬಿಡುವುದು ಎಂಥ ವಿಚಾರವಂತಿಕೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿ ಸವೆದುಹೋಗುವಷ್ಟು ಬಳಕೆಯಲ್ಲಿದೆ. ಅಂದರೆ ತಪ್ಪು ಎಲ್ಲಿ ತಡೆದು ನಿಂತಿದೆ ಎಂಬುದು ಹಳ್ಳಿಯವರಿಗೆ ಯಾವತ್ತೋ ಗೊತ್ತು.

ಹಾಗೆಂದು ನಾನು ಧರ್ಮದ ವಕಾಲತ್ತು ವಹಿಸಿ ಬಂದವನಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದ ನಾಡಿನಲ್ಲಿ ವಿಧವೆಯರಿಗೆ ಮಡಿಯ ಹೆಸರಿನಲ್ಲಿ ಏನೇನು ಮಾಡಿದೆವು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ತಲೆ ಬೋಳಿಸಿ, ಕೆಂಪು ಸೀರೆ ಸುತ್ತಿಸಿ, ಒಪ್ಪೊತ್ತಿನ ಊಟಕ್ಕೆ ಹಿತ್ತಲ ಕೋಣೆಯಲ್ಲಿ ಕೂರಿಸಿದ್ದು ಧರ್ಮದ ಅಪ್ಪಣೆಯ ಹೆಸರಿನಲ್ಲೇ. ಆ ಪಾಪದ ಲೆಕ್ಕದಲ್ಲಿ ರಿಯಾಯಿತಿ ಕೊಡಬೇಡಿ. ವೃಂದಾವನದ ಭಜನಾಶ್ರಮಗಳಲ್ಲಿ ಗಂಟೆಗಟ್ಟಲೆ ಹಾಡಿ ಹಿಡಿ ಅಕ್ಕಿ, ಪುಡಿಗಾಸು ಪಡೆದು ಬದುಕಿದ ವಿಧವೆಯರ ವಿಷಯದಲ್ಲೂ ಧರ್ಮ ಕೈತೊಳೆದುಕೊಳ್ಳಲಾರದು. ಆದರೆ ಅಲ್ಲಿಯೂ ಪೂರ್ತಿ ಕತೆ ಕೇಳಿ. ಅವರಲ್ಲಿ ಬಹಳಷ್ಟು ಮಂದಿ ಬಂದದ್ದು ಬಂಗಾಳದಿಂದ. ಗಂಡ ಸತ್ತ ಮೇಲೆ ಜಮೀನಿನಲ್ಲಿ ಪಾಲು ಕೇಳಿಯಾಳು ಎಂಬ ಅಂಜಿಕೆಯಿಂದ ಮನೆಯವರೇ ರೈಲು ಹತ್ತಿಸಿದವರಿದ್ದಾರೆ. ಕೃಷ್ಣನ ಹೆಸರು ಅದಕ್ಕೆ ಮುಸುಕಾಯಿತು. ಹೊಸ ಊರಿನಲ್ಲಿ ವಾಸದ ದಾಖಲೆ ಇಲ್ಲ, ರೇಷನ್ ಕಾರ್ಡಿಲ್ಲ, ಆದ್ದರಿಂದ ಪಿಂಚಣಿಯೂ ಇಲ್ಲ. ಆಗ ಮುಸುಕು ಹಾಕಿದ್ದು ಕಚೇರಿ. ಸುಪ್ರೀಂ ಕೋರ್ಟು ಕಿವಿ ಹಿಂಡಿ, ವರ್ಷಗಳು ಕಳೆದು, 2018ರಲ್ಲಿ ಸಾವಿರ ಮಂದಿ ಇರಬಹುದಾದ ‘ಕೃಷ್ಣ ಕುಟೀರ’ ಅಲ್ಲಿ ಎದ್ದಿತು. ಜಮೀನಿನ ಆಸೆಗೆ ಶಾಸ್ತ್ರವನ್ನು, ಕಚೇರಿಯ ಉದಾಸೀನಕ್ಕೆ ಶ್ರೀಕೃಷ್ಣನನ್ನು ಬೈದುಬಿಟ್ಟರೆ ಎರಡೂ ಕಡೆಯ ಅಪರಾಧಿಗಳು ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ.

ಧರ್ಮ ಇಲ್ಲದ ಕಡೆ ವೃದ್ಧರು ಸುಖವಾಗಿದ್ದಾರೆ ಎಂಬ ವಾದವೂ ನಿಲ್ಲುವುದಿಲ್ಲ. ಫ್ರಾನ್ಸ್ 1905ರಲ್ಲೇ ಚರ್ಚನ್ನು ಸರ್ಕಾರದಿಂದ ಬೇರೆ ಮಾಡಿದ ದೇಶ. ಅಲ್ಲಿ 2003ರ ಆಗಸ್ಟ್ ತಿಂಗಳ ಬಿಸಿಗಾಳಿಗೆ ಸುಮಾರು 15,000 ಜನ ಸತ್ತರು, ಬಹುಪಾಲು ಒಂಟಿ ಮುದುಕರು, ಮುದುಕಿಯರು. ಮರುವರ್ಷ ಆ ದೇಶ ಏನು ಮಾಡಿತು ನೋಡಿ: ವರ್ಷಕ್ಕೊಂದು ದಿನ ಎಲ್ಲರೂ ಹೆಚ್ಚುವರಿ ಕೂಲಿಯಿಲ್ಲದೆ ದುಡಿಯಬೇಕು, ಆ ದಿನದ ಹಣ ಹಿರಿಯರ ಮತ್ತು ಅಂಗವಿಕಲರ ಆರೈಕೆಗೆ ಹೋಗಬೇಕು ಎಂದು ಕಾನೂನು ತಂದಿತು. ಮೊದಲಿಗೆ ಆ ದಿನಕ್ಕಾಗಿ ಆರಿಸಿಕೊಂಡದ್ದು ಕ್ರೈಸ್ತರ ಪೆಂತೆಕೊಸ್ತ್ ಹಬ್ಬದ ಸೋಮವಾರದ ರಜೆ. ಗೊಣಗಾಟ ಬೇಕಾದಷ್ಟಾಯಿತು, ಆದರೆ ಹಣಕ್ಕೊಂದು ಮೂಲ ಹುಟ್ಟಿತು.

ಇನ್ನು ‘ಸಂಸ್ಕಾರ ಹೋಯಿತು’ ಅನ್ನುವವರು. ಇವರ ಮಾತು ಕೇಳಲು ಹಿತ, ಮದುವೆ ಮನೆಯಲ್ಲಿ ಎಲ್ಲರೂ ತಲೆದೂಗುತ್ತಾರೆ. ಇವರ ಹಿತವಾದ ಮಾತನ್ನೇ ಸರ್ಕಾರಗಳು ಚಂದಾಗಿ ಬಳಸಿಕೊಂಡಿವೆ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಮೊದಲ ಸಲ ದೇಶಕ್ಕೆಲ್ಲ ಒಂದು ವೃದ್ಧಾಪ್ಯ ಪಿಂಚಣಿ ತಂದಾಗ ಅದರ ಮೊತ್ತ ತಿಂಗಳಿಗೆ 75 ರೂಪಾಯಿ. ಅದು ಸಿಗಬೇಕಾದರೆ ಮುದುಕನಿಗೆ ಸ್ವಂತ ಆದಾಯವೂ ಇರಬಾರದು, ಮನೆಯವರ ಆಸರೆಯೂ ಇರಬಾರದು. ಮಗ ಇದ್ದಾನಲ್ಲ, ನೋಡಿಕೊಳ್ಳುತ್ತಾನೆ ಬಿಡಿ ಎಂಬ ಊರ ಮಾತೇ ಸರ್ಕಾರಿ ನಿಯಮವಾಗಿ ಅಚ್ಚಾಯಿತು. ಹೋಟೆಲಿನಲ್ಲಿ ತಟ್ಟೆ ತೊಳೆಯುವ ಮಗ, ಗಾರ್ಮೆಂಟ್ಸಿಗೆ ಹೋಗುವ ಸೊಸೆ, ಬಾಡಿಗೆಯ ಒಂದೇ ಕೋಣೆ, ಮೂಲೆಯಲ್ಲಿ ಪಾರ್ಶ್ವವಾಯು ಬಡಿದ ಅಪ್ಪ. ಇವರಲ್ಲಿ ಯಾರ ಸಂಸ್ಕಾರ ಕಡಿಮೆಯಾಗಿದೆ ಹೇಳಿ? ಕಡಿಮೆಯಾಗಿರುವುದು ಸಂಬಳ. ಹಗಲು ಅಪ್ಪನನ್ನು ನೋಡಿಕೊಳ್ಳಲು ಒಬ್ಬರು ಕೆಲಸ ಬಿಡಬೇಕು. ಬಿಟ್ಟರೆ ಬಾಡಿಗೆ ಕಟ್ಟುವವರಿಲ್ಲ. ಅಪ್ಪನ ಹಾಸಿಗೆ ಬದಲಿಸುವುದು ಹೇಗೂ ಸೊಸೆಯ ಪಾಲಿಗೇ ಬರುತ್ತದೆ, ಶ್ರವಣಕುಮಾರನ ಕತೆ ಹೇಳುವವರು ಅವಳ ಹೆಸರೆತ್ತುವುದಿಲ್ಲ.

ಹೆತ್ತವರನ್ನೂ ಹಿರಿಯ ನಾಗರಿಕರನ್ನೂ ಪೋಷಿಸಬೇಕೆಂಬ 2007ರ ಕಾಯ್ದೆ ಬೇಕಾದದ್ದೇ. ಆಸ್ತಿ ಬರೆಸಿಕೊಂಡು ಅಪ್ಪನನ್ನು ಹೊರಹಾಕಿದ ಮಗನ ವಿರುದ್ಧ ಉಪವಿಭಾಗಾಧಿಕಾರಿಯ ಮುಂದೆ ಹೋಗಿ ಆಸ್ತಿ ವಾಪಸು ಪಡೆದವರಿದ್ದಾರೆ. ಆದರೆ ಆ ಕಾಯ್ದೆಯ ತೂಕ ಎತ್ತ ವಾಲಿದೆ ಗಮನಿಸಿ. ಮಗ ಕೈಬಿಟ್ಟರೆ ಮೂರು ತಿಂಗಳವರೆಗೆ ಜೈಲು ಇದೆ. ಜಿಲ್ಲೆಗೊಂದು, ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಜಾಗವಿರುವ ಆಶ್ರಯ ಕಟ್ಟುವ ಮಾತು ಬಂದಾಗ ಅದನ್ನು ಸರ್ಕಾರದ ಇಚ್ಛೆಗೆ ಬಿಡಲಾಗಿದೆ. ಸರ್ಕಾರ ಕೈಬಿಟ್ಟರೆ ಯಾರಿಗೂ ಜೈಲಿಲ್ಲ. 2018ರ ಡಿಸೆಂಬರಿನಲ್ಲಿ ಡಾ. ಅಶ್ವನಿ ಕುಮಾರ್ ಮೊಕದ್ದಮೆಯ ತೀರ್ಪು ಕೊಡುತ್ತ ಸುಪ್ರೀಂ ಕೋರ್ಟು, ವೃದ್ಧರಿಗೆ ಘನತೆ, ಸೂರು, ಆರೋಗ್ಯ ಸಿಗಬೇಕಾದದ್ದು ಸಂವಿಧಾನದ 21ನೇ ವಿಧಿಯ ಹಕ್ಕು ಎಂದು ಹೇಳಿತು. ಮಗನ ಸಂಸ್ಕಾರದ ಮೇಲೆ ನಿಂತ ಕೃಪೆ ಎಂದು ಹೇಳಲಿಲ್ಲ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಯಾವ ಧರ್ಮದ ಮೇಲೂ ಹೊರಿಸಲಾಗದ ಅಂಕಿಗಳು ಇಲ್ಲಿವೆ. ಕೇಂದ್ರದ 75 ರೂಪಾಯಿ 2007ರ ಹೊತ್ತಿಗೆ 200 ಆಯಿತು. 2011ರಲ್ಲಿ ವಯಸ್ಸಿನ ಮಿತಿ 65ರಿಂದ 60ಕ್ಕಿಳಿಯಿತು, ಎಂಬತ್ತು ದಾಟಿದವರಿಗೆ 500 ಎಂದಾಯಿತು. ಅರವತ್ತರಿಂದ ಎಪ್ಪತ್ತೊಂಬತ್ತರವರೆಗಿನವರಿಗೆ ಮಾತ್ರ ಕೇಂದ್ರದ ಪಾಲು ಅದೇ 200. ಪಕ್ಷ ಬದಲಾಯಿತು, ಪ್ರಧಾನಿ ಬದಲಾದರು, ಸಂಸತ್ ಭವನವೇ ಹೊಸದಾಯಿತು. 2007ರ ಆ ಇನ್ನೂರರ ಬೆಲೆ ಇವತ್ತು ಅರ್ಧಕ್ಕಿಂತ ಎಷ್ಟೋ ಕೆಳಗಿಳಿದಿದೆ. ಗ್ರಾಮೀಣಾಭಿವೃದ್ಧಿಯ ಸಂಸದೀಯ ಸ್ಥಾಯಿ ಸಮಿತಿ ಇದನ್ನು ಹೆಚ್ಚಿಸಿ ಎಂದು ಹೇಳಿ ಹೇಳಿ ಸೋತಿತು. ಎಷ್ಟು ಜನರಿಗೆ ಕೊಡಬೇಕೆಂಬ ಮಿತಿ 2001ರ ಜನಗಣತಿಯ ಲೆಕ್ಕದಲ್ಲೇ ನಿಂತಿದೆ. ಆಮೇಲೆ ಮುದುಕರಾದವರು ಒಬ್ಬರು ಸತ್ತು ಜಾಗ ತೆರವಾಗುವುದನ್ನು ಕಾಯಬೇಕು, ಇಲ್ಲವೇ ರಾಜ್ಯದ ಬೊಕ್ಕಸಕ್ಕೆ ಕೈಚಾಚಬೇಕು. ವೃದ್ಧರು, ವಿಧವೆಯರು, ಅಂಗವಿಕಲರು ಎಲ್ಲರನ್ನೂ ಒಳಗೊಂಡ ಈ ಇಡೀ ಕಾರ್ಯಕ್ರಮಕ್ಕೆ 2024-25ರ ಕೇಂದ್ರ ಬಜೆಟ್ಟಿನಲ್ಲಿ ಇಟ್ಟದ್ದು 9,652 ಕೋಟಿ, 2025-26ರಲ್ಲೂ 9,652 ಕೋಟಿ. ಒಂದು ವರ್ಷದಲ್ಲಿ ದೇಶದಲ್ಲಿ ಯಾರಿಗೂ ವಯಸ್ಸೇ ಆಗಲಿಲ್ಲವೇನೋ!

ನಮ್ಮ ರಾಜ್ಯದ ಜಾಣತನವನ್ನೂ ಒಂದಿಷ್ಟು ನೋಡಿ. ಸಂಧ್ಯಾ ಸುರಕ್ಷಾ ಸಿಗಬೇಕಾದರೆ ವರ್ಷದ ಆದಾಯ 32,000 ರೂಪಾಯಿ ಮೀರಬಾರದು. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ಇತ್ತು. ಸರ್ಕಾರವೇ ಆಗ ಖಾತ್ರಿ ಕೊಟ್ಟಿದ್ದ ನೂರು ದಿನವನ್ನು ಮುದುಕನೊಬ್ಬ ಪೂರ್ತಿ ದುಡಿದನೆಂದರೆ ಕೈಗೆ 37,000. ಅಲ್ಲಿಗೆ ಅವನು ಬಡವರ ಪಟ್ಟಿಯಿಂದ ಹೊರಗೆ! ಕೆರೆ ಹೂಳು ಎತ್ತಿದ್ದಕ್ಕೆ ಶ್ರೀಮಂತನಾದ. (ಗೃಹಲಕ್ಷ್ಮಿಯ 2,000 ಬಹಳ ಅಜ್ಜಿಯರ ಕೈ ಸೇರುತ್ತಿದೆ, ಆ ಮಾತನ್ನು ಮುಚ್ಚಿಡಬಾರದು. ಆದರೆ ಅದು ಮನೆಯ ಯಜಮಾನಿಗೆ ಸಲ್ಲುವ ಹಣ. ರೇಷನ್ ಕಾರ್ಡಿನಲ್ಲಿ ಸೊಸೆ ಯಜಮಾನಿಯಾಗಿದ್ದರೆ ಅತ್ತೆಗೆ ಅದರ ವಾಸನೆಯೂ ಸಿಗದಿರಬಹುದು. ಅಜ್ಜನಿಗಂತೂ ಇಲ್ಲ.)

ಧರ್ಮವೇ ಕಾರಣವೆನ್ನುವವರು ಉತ್ತರ ಭಾರತವನ್ನೊಮ್ಮೆ ನೋಡಲಿ. ಕಾಶಿ, ಪ್ರಯಾಗ, ಅಯೋಧ್ಯೆ, ವೃಂದಾವನ ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡ ಉತ್ತರ ಪ್ರದೇಶವೇ 1957ರಲ್ಲಿ ದೇಶದಲ್ಲಿ ಮೊದಲು ವೃದ್ಧಾಪ್ಯ ಪಿಂಚಣಿ ತಂದದ್ದು. ಕರ್ಮಸಿದ್ಧಾಂತ ಅಂದು ಅಡ್ಡ ಬರಲಿಲ್ಲ. ರಾಜಸ್ಥಾನ 2023ರಲ್ಲಿ ಮಾಡಿದ ಕಾನೂನಿನಲ್ಲಿ ಕನಿಷ್ಠ ಸಾವಿರ ರೂಪಾಯಿ ಪಿಂಚಣಿ, ಅದರ ಮೇಲೆ ವರ್ಷಕ್ಕೆ ಶೇ 15ರ ಏರಿಕೆ ಎಂದು ಬರೆದಿಟ್ಟಿತು. ಅಲ್ಲಿಯ ಜನ ನಮಗಿಂತ ಕಡಿಮೆ ದೈವಭಕ್ತರೇನಲ್ಲ. ಬಿಹಾರದಲ್ಲಂತೂ 2025ರ ಜೂನ್‌ವರೆಗೆ ಮುದುಕರಿಗೆ ಸಿಗುತ್ತಿದ್ದುದು 400 ರೂಪಾಯಿ, ಜುಲೈನಿಂದ 1,100. ಆ ಒಂದು ತಿಂಗಳಲ್ಲಿ ಬಿಹಾರಿಗಳೆಲ್ಲ ಮತಾಂತರವಾದರೇ? ನವೆಂಬರಿನಲ್ಲಿ ಚುನಾವಣೆ ಇತ್ತು, ಅಷ್ಟೇ. ಚುನಾವಣೆಯ ಭಯ ಒಂದೇ ಏಟಿಗೆ ಮಾಡಿದ್ದನ್ನು ಧರ್ಮಸುಧಾರಣೆಯ ನೂರು ಭಾಷಣಗಳು ಮಾಡಿರಲಿಲ್ಲ. ಇದು ಕಹಿ. ಆದರೆ ಕೀಲಿಕೈ ಯಾವ ಜೇಬಿನಲ್ಲಿದೆ ಎಂದು ತೋರಿಸಿಕೊಡುವ ಕಹಿ.

2025ರ ಮಾರ್ಚ್ 21ನೇ ತಾರೀಕನ್ನು ಕನ್ನಡಿಗರು ನೆನಪಿಟ್ಟುಕೊಳ್ಳಬೇಕು. ಅಂದು ನಮ್ಮ ವಿಧಾನಸಭೆಯಲ್ಲಿ ಸರ್ಕಾರಿ ಗುತ್ತಿಗೆಗಳಲ್ಲಿ ಮುಸ್ಲಿಮರಿಗೆ ಶೇ 4ರ ಮೀಸಲಾತಿಯ ಬಗ್ಗೆ, ಹನಿಟ್ರ್ಯಾಪ್ ಬಗ್ಗೆ ಕಿವಿಗಡಚಿಕ್ಕುವ ಗದ್ದಲ. ಕಾಗದ ಹರಿದು ತೂರಿದರು, ಹದಿನೆಂಟು ಶಾಸಕರು ಅಮಾನತಾದರು. ಟಿ.ವಿ.ಗಳಿಗೆ ಹಬ್ಬ. ಅದೇ ಗದ್ದಲದ ನಡುವೆ ಇನ್ನೊಂದು ಮಸೂದೆ ಪಾಸಾಯಿತು: ಶಾಸಕರ ವೇತನ 40,000ದಿಂದ 80,000ಕ್ಕೆ, ಮಾಜಿ ಶಾಸಕರ ಪಿಂಚಣಿ 50,000ದಿಂದ 75,000ಕ್ಕೆ. ಧರ್ಮದ ಹೆಸರಿನಲ್ಲಿ ಅಂಗಿ ಹರಿದುಕೊಳ್ಳುತ್ತಿದ್ದ ಎರಡೂ ಕಡೆಯವರಿಗೆ ಅದರ ಮೇಲೆ ಜಗಳವಾಡಲು ಪುರುಸೊತ್ತಾಗಲಿಲ್ಲ. ಬೆಲೆ ಏರಿದೆ, ಬದುಕುವುದು ಕಷ್ಟ ಎಂಬುದು ಅವರ ವಿವರಣೆ. ಸರಿ, ಒಪ್ಪೋಣ. ಅದೇ ಬೆಲೆ, ಅದೇ ಅಂಗಡಿ, ಅದೇ ಬಿ.ಪಿ. ಮಾತ್ರೆ 1,200ರವನಿಗೂ ಇದೆಯಲ್ಲ?

‘ಆ ಧರ್ಮದವರು ತಿಂದರು’ ಎನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ಪಿಂಚಣಿಗೆ ಅಳತೆ ವಯಸ್ಸು, ಆದಾಯ; ಧರ್ಮ ಅಲ್ಲ. ನಾಡಕಚೇರಿಯ ಸಾಲಿನಲ್ಲಿ ನಿಮ್ಮ ಅಜ್ಜಿಯ ಹಿಂದೆಯೇ ಬುರ್ಖಾ ಹಾಕಿದ ನಾನಿಯೊಬ್ಬಳು ನಿಂತಿದ್ದಾಳೆ, ಅವಳ ಹೆಬ್ಬೆಟ್ಟನ್ನೂ ಯಂತ್ರ ಓದುತ್ತಿಲ್ಲ.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ವಿಚಾರವಂತ ಗೆಳೆಯರೇ, ಮೌಢ್ಯದ ವಿರುದ್ಧ ಹೋರಾಡಿ, ಬಿಡಬೇಡಿ. ಆದರೆ ವೃದ್ಧಾಪ್ಯ ವೇತನದ ಸಭೆಗೆ ಮನುಸ್ಮೃತಿಯ ಬದಲು ಬಜೆಟ್ ಪುಸ್ತಕ ಹಿಡಿದು ಬನ್ನಿ. ಸ್ವಾಮೀಜಿಗಳೇ, ಮೌಲವಿಗಳೇ, ಪಾದ್ರಿಗಳೇ, ನಿಮ್ಮಲ್ಲಿ ದಾಸೋಹವಿದೆ, ಜಕಾತ್ ಇದೆ, ಒಂದು ಶತಮಾನದಿಂದ ಅನಾಥ ಮುದುಕರನ್ನು ಉಣಿಸಿ ಮಲಗಿಸುವ ಸನ್ಯಾಸಿನಿಯರ ಮನೆಗಳಿವೆ. ಆ ಸೇವೆಗೆ ಶರಣು. ಆದರೆ ನಿಮ್ಮ ಅನ್ನದ ಸಾಲು ಉದ್ದವಾದಷ್ಟೂ ಸರ್ಕಾರದ ನಾಚಿಕೆ ಕಡಿಮೆಯಾಗುತ್ತಿದೆ. ನಿಮ್ಮ ಜಾತ್ರೆಗೆ, ಉರುಸಿಗೆ, ಹಬ್ಬಕ್ಕೆ ಮಂತ್ರಿಗಳು ಬರುತ್ತಾರೆ. ಶಾಲು ಹೊದಿಸುವ ಹೊತ್ತಿನಲ್ಲಿ ಸಮುದಾಯ ಭವನಕ್ಕೆ ಅನುದಾನ ಕೇಳುತ್ತೀರಿ. ಒಂದು ಸಲ, ಒಂದೇ ಸಲ, ನಿಮ್ಮ ಭಕ್ತರಲ್ಲಿ ವಯಸ್ಸಾದವರ ಪಿಂಚಣಿ ಕೇಳಿ. ನಿಮ್ಮ ಮಾತು ಅವರ ಕಿವಿಗೆ ನನ್ನದಕ್ಕಿಂತ ಚೆನ್ನಾಗಿ ಕೇಳಿಸುತ್ತದೆ.

ಉಳಿದವರು, ನೀವು ಮತ್ತು ನಾನು, ಮಾಡಬಹುದಾದದ್ದಿದೆ. ಮನೆಗೆಲಸಕ್ಕೆ ಬರುವಾಕೆಯ ಅತ್ತೆಯದೋ, ಓಣಿಯ ಕೊನೆಯ ಮನೆಯ ತಾತನದೋ ಪಾಸ್‌ಬುಕ್ಕು ಈ ತಿಂಗಳು ಒಮ್ಮೆ ತೆರೆದು ನೋಡಿ. ಹಣ ನಿಂತಿದ್ದರೆ ಆಧಾರ್ ಯಾವ ಖಾತೆಗೆ ಅಂಟಿಕೊಂಡಿದೆ ಎಂದು ಬ್ಯಾಂಕಿನಲ್ಲಿ ನೀವೇ ನಿಂತು ಕೇಳಿ. ಪ್ಯಾಂಟು ಹಾಕಿದವರು ಕೇಳಿದರೆ ಉತ್ತರ ಬೇಗ ಬರುತ್ತದೆ ಎಂಬುದು ನಾಚಿಕೆಗೇಡು, ಆದರೆ ಉಪಯೋಗಕ್ಕೆ ಬರುವ ನಾಚಿಕೆಗೇಡು. 14567 ಹಿರಿಯರ ರಾಷ್ಟ್ರೀಯ ಸಹಾಯವಾಣಿ, ಆ ಸಂಖ್ಯೆಯನ್ನು ಅವರ ಗೋಡೆಯ ಮೇಲೆ ಬರೆದುಕೊಡಿ. ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಎದ್ದು ನಿಂತು ಕೇಳಿ: ನೌಕರರಿಗೆ ಬೆಲೆ ಏರಿದಂತೆ ತುಟ್ಟಿಭತ್ಯೆ ಏರುವ ಹಾಗೆ ಮುದುಕರ ಪಿಂಚಣಿ ಯಾಕೆ ಏರಬಾರದು? ನೋಟಿಸ್ ಕೊಡದೆ, ಮನೆಗೆ ಬಂದು ನೋಡದೆ ಹಣ ನಿಲ್ಲಿಸಬಾರದು ಎಂಬ ನಿಯಮ ಯಾಕಿಲ್ಲ? 32,000ದ ಗೆರೆ ಎಳೆದವರು ಯಾರು? ಹಿಂದೂಪುರದಲ್ಲಿ ಮನೆ ಬಾಗಿಲಿಗೆ ಬರುವುದು ಗೌರಿಬಿದನೂರಿನಲ್ಲಿ ಯಾಕೆ ಬರುವುದಿಲ್ಲ? ಮುಖ್ಯಮಂತ್ರಿಗಳ ಬಜೆಟ್ ಪೂರ್ವ ಸಭೆಗಳಲ್ಲಿ ರೈತ ಸಂಘದವರು, ಉದ್ಯಮಿಗಳು ತಮ್ಮ ಪಟ್ಟಿ ಹಿಡಿದು ಹೋಗುತ್ತಾರೆ. ಮುದುಕರ ಪಟ್ಟಿಯನ್ನು ಈ ಸಲ ಯಾರು ಒಯ್ಯುತ್ತಾರೆ, ಅದನ್ನು ಈಗಲೇ ಕೂತು ತೀರ್ಮಾನಿಸಬೇಕು.